ಒಂದು ಬುಟ್ಟಿ ಲದ್ದಿ

ಹೋದ ಭಾನುವಾರ ಬೆಳಿಗ್ಗೆ ನಮ್ಮ ಪ್ರಾಣಿಗಳ ಆಶ್ರಯತಾಣದಲ್ಲಿ ನಾನು ನಡು ಬಗ್ಗಿಸಿ ಲದ್ದಿ ಬಳಿದು ಬುಟ್ಟಿಗೆ ತುಂಬುತ್ತಿದ್ದಾಗ, ಕಾರಿನಿಂದಿಳಿದ ಗೃಹಸ್ಥರೊಬ್ಬರು ಪೇಢೆಯ ಡಬ್ಬಿ ತೋರಿಸಿ, "ಮಗಳ ಹುಟ್ಟಿದಹಬ್ಬ ಐತ್ರಿ, ಕುದುರಿಗೆ ಏನಾರ ತಿನ್ನಸಬೇಕಾಗಿತ್ತು" ಎಂದರು. ನಾನು ಬುಟ್ಟಿಯನ್ನು ಅವರತ್ತ ಸರಿಸಿ, "ತಿನ್ನಸೂದು ಆಗೇತ್ರಿ. ಇದನ್ನಷ್ಟು ತಿಪ್ಪಿಗೆ ಒಯ್ದು ಹಾಕ್ತೀರೇನು?" ಎಂದು ಕೇಳಿದೆ. ಅವರು ನಕ್ಕರು. ನಾನು ನಗಲೆಂದು ಕೇಳಿರಲಿಲ್ಲ.

ಇಲ್ಲಿಗೆ ಬರುವವರೆಲ್ಲರಿಗೂ ಪ್ರಾಣಿಯ ಬಾಯಿಯ ಮೇಲೆಯೇ ಭಕ್ತಿ. ಹಿಂಭಾಗದ ವ್ಯವಹಾರ ನಮಗೆ ಬಿಟ್ಟದ್ದು. ಕನ್ನಡ ಈ ವಿಷಯದಲ್ಲಿ ಇಷ್ಟು ನಿರ್ದಯಿಯಲ್ಲ. ಆಕಳಿನದು ಸೆಗಣಿ, ಆಡಿನದು ಹಿಕ್ಕೆ, ಕುದುರೆಯದು ಲದ್ದಿ ಎಂದು ಒಂದೊಂದಕ್ಕೂ ಹೆಸರಿಟ್ಟು ಗೌರವಿಸಿದೆ. ಆದರೂ ಸೆಗಣಿಗೆ ದೀಪಾವಳಿಯಲ್ಲಿ ಪಾಂಡವರಾಗಿ ಹೂ ಮುಡಿಯುವ ಯೋಗವಿದ್ದರೆ, ಲದ್ದಿಯ ಹೆಸರು ಬರುವುದು ಯಾರದೋ ತಲೆಯಲ್ಲಿ ಏನು ತುಂಬಿದೆ ಎಂದು ಬೈಯುವಾಗ ಮಾತ್ರ. ಅಂಥ ಲದ್ದಿಗಾಗಿ ನಾನು ಒಂದು ಇಡೀ ರಾತ್ರಿ ದೇವರನ್ನು ಬೇಡಿಕೊಂಡಿದ್ದೇನೆ.

ನಮ್ಮ ಬೆಳ್ಳಿ ಎಂಬ ಬಿಳಿಯ ಹೆಣ್ಣುಕುದುರೆ ಹುಬ್ಬಳ್ಳಿಯ ಮೆರವಣಿಗೆಗಳಲ್ಲಿ ವರ್ಷಗಟ್ಟಲೆ ಮದುಮಕ್ಕಳನ್ನು ಹೊತ್ತು, ಕಾಲು ಸೋತ ಮೇಲೆ ಇಲ್ಲಿಗೆ ಬಂದದ್ದು. ಇಂದಿಗೂ ದೂರದಲ್ಲೆಲ್ಲೋ ಬ್ಯಾಂಡು ಬಾರಿಸಿದರೆ ಅದರ ಕಿವಿ ನಿಮಿರುತ್ತದೆ. ಎರಡು ವರ್ಷದ ಹಿಂದೆ, ಶ್ರಾವಣದ ಒಂದು ಸಂಜೆ, ಯಾರೂ ಇಲ್ಲದ ಹೊತ್ತು ನೋಡಿ ಪುಣ್ಯವಂತರೊಬ್ಬರು ಮದುವೆಯಲ್ಲಿ ಉಳಿದ ಚಪಾತಿಗಳನ್ನು ಚೀಲಗಟ್ಟಲೆ ತಂದು ಅದರ ಗೋದಲಿಗೆ ಸುರಿದು ಹೋದರು. ಕುದುರೆಗೆ ವಾಂತಿ ಮಾಡಿಕೊಳ್ಳಲು ಬರುವುದಿಲ್ಲ. ಅಷ್ಟು ದೊಡ್ಡ ಮೈಯೊಳಗಿನ ಜಠರ 8ರಿಂದ 15 ಲೀಟರಿನದಷ್ಟೇ. ಒಳಗೆ ಹೋದದ್ದು ಹಿಂದಿನ ಬಾಗಿಲಿನಿಂದಲೇ ಹೊರಗೆ ಬರಬೇಕು. ಎಂಟು ಗಂಟೆಯ ಹೊತ್ತಿಗೆ ಬೆಳ್ಳಿ ಮುಂಗಾಲಿನಿಂದ ನೆಲ ಕೆರೆಯುತ್ತ, ತಿರುತಿರುಗಿ ತನ್ನ ಪಕ್ಕೆಯನ್ನೇ ನೋಡಿಕೊಳ್ಳತೊಡಗಿತು. ವೈದ್ಯರು ಬಂದು ನೋವಿನ ಸೂಜಿ ಚುಚ್ಚಿ, ಮೂಗಿನಿಂದ ನಳಿಗೆ ಇಳಿಸಿ ಲಿಕ್ವಿಡ್ ಪ್ಯಾರಾಫಿನ್ ಹಾಕಿ, ಹೊಟ್ಟೆಗೆ ಸ್ಟೆತಾಸ್ಕೋಪು ಹಚ್ಚಿ ಬಹಳ ಹೊತ್ತು ಆಲಿಸಿ, "ಒಳಗ ಸಪ್ಪಳಽ ಇಲ್ಲ. ಉರುಳಾಕ ಬಿಡಬ್ಯಾಡ್ರಿ, ಆಗಾಗ ಅಡ್ಡಾಡಸ್ರಿ" ಎಂದರು.

ಹೊರಗೆ ಜಿಟಿಜಿಟಿ ಮಳೆ. ಕುದುರೆ ನೋಡಿಕೊಳ್ಳುವ ಅಜ್ಜ ಮುಂದೆ ಹಗ್ಗ ಹಿಡಿದರು. ನಾನು ಹಿಂದೆ ಬ್ಯಾಟರಿ ಹಿಡಿದು, ಬೆಳಕನ್ನು ಬಾಲದ ಬುಡಕ್ಕೇ ಬಿಟ್ಟು ನಡೆದೆ. ಬಾಲ ಎತ್ತಿದಾಗಲೆಲ್ಲ ಇಬ್ಬರೂ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದೆವು, ಬರೀ ಗಾಳಿ. ನಡುರಾತ್ರಿಯ ಮೇಲೆ ಅಜ್ಜ ಉಳವಿ ಚನ್ನಬಸವಣ್ಣನಿಗೆ ಹರಕೆ ಹೊತ್ತರು. ನಸುಕಿನ ನಾಲ್ಕೂವರೆಗೆ, ತಗಡಿನ ಕೆಳಗೆ ನಿಂತಿದ್ದಾಗ, ಬೆಳ್ಳಿ ಇನ್ನೊಮ್ಮೆ ಬಾಲ ಎತ್ತಿತು. ಥಪ್ ಎಂದಿತು, ಮತ್ತೆ ಥಪ್, ಥಪ್. ಅಜ್ಜ ಹಬೆಯಾಡುತ್ತಿದ್ದ ಒಂದು ಉಂಡೆಯನ್ನೆತ್ತಿ ಮುರಿದು, ಮೂಸಿ, "ಬರೋಬ್ಬರಿ ಐತಿ ನೋಡ್ರಿ" ಎಂದು ಅರ್ಧವನ್ನು ನನ್ನತ್ತ ಚಾಚಿದರು. ನಾನು ಎರಡೂ ಕೈಯೊಡ್ಡಿ ಇಸಿದುಕೊಂಡೆ.

ಇದನ್ನೆಲ್ಲ ಆ ಗೃಹಸ್ಥರಿಗೆ ಹೇಳಿ, ದಾನವೆಂದರೇನು ಎಂಬುದರ ಕುರಿತು ಎರಡು ಮಾತು ಸೇರಿಸಬೇಕೆಂದಿದ್ದೆ. ಮಾತು ಹೊಂದಿಸುವಷ್ಟರಲ್ಲಿ ಅವರು, ಬುಟ್ಟಿ ಕಾಣದಂತೆ ನಾಲ್ಕು ಹೆಜ್ಜೆ ಆಚೆ ಸರಿದು, ಬೆಳ್ಳಿಯ ಜೊತೆ ಮಗಳ ಫೋಟೋ ತೆಗೆದುಕೊಂಡು, ಡಬ್ಬಿಯನ್ನು ಕಟ್ಟೆಯ ಮೇಲಿಟ್ಟು ಹೊರಟೇ ಹೋದರು. ಪೇಢೆ ಚೆನ್ನಾಗಿದ್ದವೆಂಬುದನ್ನು ಒಪ್ಪಿಕೊಳ್ಳಬೇಕು. ಅಜ್ಜ ಮೂರು ತಿಂದರು, ನಾನು ಐದು. ಆಮೇಲೆ ಇಬ್ಬರೂ ಬುಟ್ಟಿಯ ಒಂದೊಂದು ಕಿವಿ ಹಿಡಿದು ತಿಪ್ಪೆಯ ಕಡೆಗೆ ನಡೆದೆವು.