ಐದೂಕಾಲರ ರೊಟ್ಟಿ

ಬೆಳಗಿನ ಐದೂಕಾಲು. ಬೇಸಿಗೆಯ ರಾಯಚೂರಿನಲ್ಲಿ ತಂಪು ಎನ್ನಬಹುದಾದ ಹೊತ್ತು ಅದೊಂದೇ, ನಿದ್ದೆ ಹತ್ತುವುದೂ ಆಗಲೇ. ಸರಿಯಾಗಿ ಆಗಲೇ ಗೋಡೆಯಾಚೆ ಶುರು: ದಪ್, ದಪ್, ದಪದಪದಪ. ಪಕ್ಕದ ಪೋರ್ಷನ್ನಿನ ಅಕ್ಕಾರು ಜೋಳದ ರೊಟ್ಟಿ ಬಡಿಯಲು ನಿಂತರು.

ಈ ಬಡಿತಕ್ಕೊಂದು ಕ್ರಮವಿದೆ. ಉಂಡೆ ದಪ್ಪಗಿರುವಾಗ ಸಪ್ಪಳ ಮೆತ್ತಗೆ. ತೆಳ್ಳಗಾದಂತೆ ಅಂಗೈಗೂ ಕಲ್ಲಿಗೂ ನಡುವೆ ಹಿಟ್ಟು ಉಳಿಯದೆ ಸಪ್ಪಳ ಚುರುಕಾಗುತ್ತದೆ, ಬಳೆಗಳೂ ತಾಳ ಹಿಡಿಯುತ್ತವೆ. ಆಮೇಲೆ ಒಮ್ಮೆಲೇ ಸುಮ್ಮನೆ. ರೊಟ್ಟಿ ಹಂಚಿಗೆ ಹೋಯಿತು, ಒದ್ದೆ ಬಟ್ಟೆ ಸವರಿದರು, ಮಗುಚಿದರು. ಇದೇ ಕೊನೆಯದಿರಬೇಕು ಎಂದು ಇತ್ತ ಕಣ್ಣು ಮುಚ್ಚುವಷ್ಟರಲ್ಲಿ ಎರಡನೆಯ ಉಂಡೆ. ಬಡಿತವನ್ನಾದರೂ ತಡೆದುಕೊಳ್ಳಬಹುದು, ಆ ಬಿಡುವನ್ನು ತಡೆಯಲಾಗದು. ಎಣಿಸುತ್ತ ಮಲಗಿದರೆ ಹದಿನಾರೋ ಹದಿನೇಳೋ. ಎಳ್ಳಮಾಸಿ ಬಂತೆಂದರೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿಯೂ ಸೇರಿ ಲೆಕ್ಕವೇ ತಪ್ಪುತ್ತದೆ.

2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ವಸತಿ ಪ್ರದೇಶದಲ್ಲಿ ಸದ್ದಿನ ಮಿತಿ ಹಗಲಿಗೆ 55 ಡೆಸಿಬಲ್, ರಾತ್ರಿಗೆ 45. ರಾತ್ರಿ ಎಂದರೆ 10ರಿಂದ ಬೆಳಿಗ್ಗೆ 6. ಅಂದರೆ ಐದೂಕಾಲು ಕಾಗದದ ಮೇಲೆ ಇನ್ನೂ ರಾತ್ರಿಯೇ. ನಿಯಮ ಬರೆದವರ ಪಕ್ಕದ ಮನೆಯಲ್ಲಿ ಜೋಳ ತಿನ್ನುವವರು ಇದ್ದಿರಲಿಕ್ಕಿಲ್ಲ.

ಎಲ್ಲರೂ ಮೊದಲು ಹೇಳುವ ಉಪಾಯ ಮೊಟ್ಟೆ ಟ್ರೇ. ಗೋಡೆ ತುಂಬ ಅಂಟಿಸಿದರೆ ಹಲ್ಲಿಗೆ ಮೂವತ್ತು ಕೋಣೆಯ ಛತ್ರ ಕಟ್ಟಿಸಿಕೊಟ್ಟ ಪುಣ್ಯ ಬರುತ್ತದೆ, ಸಪ್ಪಳ ಮಾತ್ರ ನಿಲ್ಲುವುದಿಲ್ಲ. ಟ್ರೇ, ಸ್ಪಂಜು ಇವೆಲ್ಲ ಕೋಣೆಯೊಳಗಿನ ಪ್ರತಿಧ್ವನಿಯನ್ನಷ್ಟೇ ಒಂದಿಷ್ಟು ಕಡಿಮೆ ಮಾಡುವವು. ಥರ್ಮೋಕೋಲ್ ಅದನ್ನೂ ಮಾಡದು. ಆಚೆಯ ಸದ್ದು ತಡೆಯಲು ಬೇಕಾದದ್ದು ತೂಕ. ಎರಡೂ ಕಡೆ ಗಿಲಾವು ಮಾಡಿದ ನಾಲ್ಕೂವರೆ ಇಂಚಿನ ಇಟ್ಟಿಗೆ ಗೋಡೆ ಚದರಡಿಗೆ ಸುಮಾರು 25 ಕೆಜಿ ತೂಗುತ್ತದೆ. ತೂಕ ಇಮ್ಮಡಿಯಾದರೆ ಸದ್ದು ಇಳಿಯುವುದು ಐದಾರು ಡೆಸಿಬಲ್. ಕಿವಿಗೆ ಅರ್ಧವಾಯಿತು ಅನ್ನಿಸಲು ಸುಮಾರು 10 ಇಳಿಯಬೇಕು. ಅಂಥ ಗೋಡೆಗೆ ನೂರು ಗ್ರಾಮೂ ಇಲ್ಲದ ಟ್ರೇ ಎಷ್ಟು ಅಂಟಿಸಿದರೇನು!

ಅದಕ್ಕಿಂತ ಮೊದಲು ಬಿರುಕು, ಸಂದು ನೋಡಬೇಕು. ಮೂರಡಿ ಬಾಗಿಲ ಕೆಳಗೆ ಅರ್ಧ ಇಂಚು ಸಂದು ಇದ್ದರೆ ಅದು 18 ಚದರ ಇಂಚಿನ ಕಿಟಕಿಯೇ ಸೈ. ಎರಡು ಪೋರ್ಷನ್ನಿನ ಸ್ವಿಚ್ ಬಾಕ್ಸುಗಳನ್ನು ಗೌಂಡಿ ಬೆನ್ನಿಗೆ ಬೆನ್ನು ಕೂರಿಸಿದ್ದರೆ ಪಕ್ಕದವರ ಸೀರಿಯಲ್ ಆ ತೂತಿನಿಂದಲೇ ಬರುತ್ತದೆ. ಮೇನ್ ಆಫ್ ಮಾಡಿಸಿ ಡಬ್ಬಿಯ ಸುತ್ತ ಸಿಮೆಂಟು ತುಂಬಿಸಬೇಕು. ಅಟ್ಟದ ಮೇಲೆ ಗೋಡೆ ಸ್ಲ್ಯಾಬಿಗೆ ಮುಟ್ಟಿದೆಯೇ ಅಂತಲೂ ನೋಡಿ, ಯಾರೂ ನೋಡದ ಜಾಗ ಅದು.

ಖರ್ಚಿಗೆ ಹೆದರದವರು ಎರಡನೆಯ ಗೋಡೆ ಹಾಕಿಸುತ್ತಾರೆ: ಹಳೇ ಗೋಡೆಗೆ ತಾಗದಂತೆ ಒಂದಿಂಚು ಬಿಟ್ಟು ಫ್ರೇಮು, ಒಳಗೆ 50 ಎಂಎಂ ರಾಕ್‌ವೂಲ್ (ಕಲ್ಲಿನ ನಾರಿನ ಹಾಸು), ಮೇಲೆ 12.5 ಎಂಎಂ ಜಿಪ್ಸಮ್ ಬೋರ್ಡು ಎರಡು ಪದರ, ಒಂದರ ಜೋಡಣೆಯ ಮೇಲೆ ಇನ್ನೊಂದರದ್ದು ಬರದಂತೆ, ಅಂಚಿಗೆಲ್ಲ ಸೀಲಂಟ್. ಕೆಲಸದವನು ಗಟ್ಟಿ ನಿಲ್ಲಲಿ ಅಂತ ಪ್ರೀತಿಯಿಂದ ಹಳೇ ಗೋಡೆಗೆ ನಾಲ್ಕು ಸ್ಕ್ರೂ ಜಡಿದರೆ ಲಾಭದ ದೊಡ್ಡ ಪಾಲು ಹೋಯಿತು, ಸ್ಕ್ರೂವೇ ಸದ್ದಿಗೆ ಸೇತುವೆ. ಇಷ್ಟೆಲ್ಲ ಮಾಡಿ ಕಿಟಕಿಗೆ ರಬ್ಬರು ಬಿಗಿದು ಕೂತಿರಿ ಅನ್ನಿ, ಆಗ ನೆನಪಾಗುವುದು ಕೂಲರು. ಅದು ತಳ್ಳಿದ ಗಾಳಿ ಹೊರಹೋಗಲು ಕಿಟಕಿ ತೆರೆದಿರಲೇಬೇಕು, ಇಲ್ಲವಾದರೆ ಕೋಣೆ ಇಡ್ಲಿ ಪಾತ್ರೆ. ನಮ್ಮ ಕಡೆ ಬಾಡಿಗೆ ಮನೆಯಲ್ಲಿ ನಿದ್ದೆಗೆಡಲು ಎರಡೇ ದಾರಿ, ಸೆಕೆ ಇಲ್ಲವೇ ಸಪ್ಪಳ.

ಇಷ್ಟಾದರೂ ರೊಟ್ಟಿ ಬಡಿತ ಬರಬಹುದು. ಅದು ಗಾಳಿಯಲ್ಲಿ ಬರುವ ಸದ್ದಲ್ಲ. ಅಡುಗೆಮನೆಯ ಕಡಪಾ ಕಲ್ಲಿನ ಕಟ್ಟೆಯ ಅಂಚು ನಡುಗೋಡೆಯೊಳಗೇ ಹೂತಿರುತ್ತದೆ. ಆಚೆ ಅಂಗೈ ಬಿದ್ದರೆ ಕಲ್ಲು ನಡುಗಿ, ಗೋಡೆ ನಡುಗಿ, ಈಚೆ ಮಂಚದ ತಲೆಹಲಗೆ ಡೊಳ್ಳಾಗುತ್ತದೆ. ಹಳೇ ಮಾಳಿಗೆ ಮನೆಯಲ್ಲಿ ಅವ್ವ ನೆಲದ ಮೇಲೆ ಕೂತು, ಒಲೆ ಮುಂದೆ ಕಲ್ಲಿಟ್ಟು ಬಡಿಯುತ್ತಿದ್ದಳು. ಸಪ್ಪಳವನ್ನು ಭೂಮಿ ನುಂಗುತ್ತಿತ್ತು, ಮಿಕ್ಕದ್ದನ್ನು ಎರಡಡಿ ಮಣ್ಣಿನ ಗೋಡೆ. ಪಡಸಾಲೆಯಲ್ಲಿ ಮಲಗಿದ ಹುಡುಗರಿಗೆ ಕೇಳುತ್ತಿದ್ದದ್ದು ಹಸಿವಾಗುವಷ್ಟೇ.

ಈಗಿನ ಮದ್ದು ಅಗ್ಗ: ಹತ್ತು ಎಂಎಂ ದಪ್ಪದ ಗಟ್ಟಿ ರಬ್ಬರಿನ ನಾಲ್ಕು ತುಂಡು. ಕಟ್ಟೆಯ ಮೇಲಿಟ್ಟ ರೊಟ್ಟಿ ಬಡಿಯುವ ಕಲ್ಲಿನ ನಾಲ್ಕು ಮೂಲೆಯಡಿ ಒಂದೊಂದು ಇಟ್ಟು, ಆ ಕಲ್ಲನ್ನು ಗೋಡೆಯಿಂದ ಅರ್ಧ ಇಂಚು ಸರಿಸಬೇಕು. ಮೆತ್ತನೆ ಸ್ಪಂಜು ಬೇಡ, ಕಲ್ಲು ಕುಣಿದು ರೊಟ್ಟಿಯ ಅಂಚು ಹರಿಯುತ್ತದೆ. ಕಷ್ಟ ಒಂದೇ, ರಬ್ಬರು ಇಡಬೇಕಾದದ್ದು ಅವರ ಮನೆಯಲ್ಲಿ. ಹೇಳಲು ಹೋದರೆ "ಬರ್ರೀ, ಕುಂದರ್ರೀ" ಎಂದು ಬಿಸಿ ರೊಟ್ಟಿಗೆ ಶೇಂಗಾ ಚಟ್ನಿ, ಮೊಸರು ಹಾಕಿಕೊಡುತ್ತಾರೆ. ತುಂಬಿದ ಬಾಯಲ್ಲಿ ದೂರು ಹೇಗೆ ಹೇಳುವುದು? ಆದ್ದರಿಂದ ಸಪ್ಪಳದ ಮಾತೆತ್ತದೆ, "ಅಕ್ಕಾರ, ಕಲ್ಲು ಜಾರಬಾರ್ದಂತ ತಂದೀನ್ರೀ" ಎಂದು ಕೊಡುವುದೇ ಸರಿ.

"ಚಲೋ ಆತು ನೋಡ್ರಿ, ಇನ್ನ ಜೋರ್ ಬಡೀಬೌದು" ಅಂದಾರು, ಅಷ್ಟಕ್ಕೆ ತಯಾರಿರಿ.