ಆ ಸಾಲನ್ನು ಅಳಿಸಿದವರು ಯಾರು?

ಒಂದು ಸರ್ವರಿನ ಜೀವಮಾನದಲ್ಲಿ ಕ್ಲೌಡ್-ಇನಿಟ್ ಎಂಬ ತಂತ್ರಾಂಶಕ್ಕಿರುವ ಕೆಲಸ ಹೆಚ್ಚೆಂದರೆ ಒಂದೆರಡು ನಿಮಿಷದ್ದು. ಆ ಒಂದೆರಡು ನಿಮಿಷದಲ್ಲಿ ಆಗಬಹುದಾದ ಎಡವಟ್ಟುಗಳ ಪಟ್ಟಿ ಮಾತ್ರ ಮುಗಿಯುವಂಥದ್ದಲ್ಲ.

ಕಂಪ್ಯೂಟರುಗಳನ್ನು ಇಂಟರ್ನೆಟ್ಟಿನ ಮೂಲಕ ಬಾಡಿಗೆಗೆ ಕೊಡುವ ಕ್ಲೌಡ್ ಕಂಪನಿಗಳಲ್ಲಿ ಗುಂಡಿ ಒತ್ತಿದರೆ ಹೊಸ ಸರ್ವರ್ ಎದ್ದು ಕೂರುತ್ತದೆ. ಹಾಗೆ ಏಳುವ ಸರ್ವರುಗಳೆಲ್ಲ ಒಂದೇ ಅಚ್ಚಿನವು. ಅವಕ್ಕೆ ಹೆಸರಿಲ್ಲ, ಒಳಗೆ ಬಳಕೆದಾರರಿಲ್ಲ, ಬಾಗಿಲಿಗೆ ಕೀಲಿಯಿಲ್ಲ. ಸರ್ವರ್ ಮೊದಲ ಸಲ ಕಣ್ಣು ಬಿಟ್ಟಾಗ ಕ್ಲೌಡ್-ಇನಿಟ್ ಎಚ್ಚರಗೊಳ್ಳುತ್ತದೆ. ಅಮೆಜಾನಿನಂಥ ಕಡೆಗಳಲ್ಲಿ 169.254.169.254 ಎಂಬ ವಿಳಾಸಕ್ಕೆ ಹೋಗಿ ‘ನಾನು ಯಾರು?’ ಎಂದು ಕೇಳುತ್ತದೆ. ವೇದಾಂತಿಗಳು ಆಯುಷ್ಯವಿಡೀ ಕೇಳಿಕೊಳ್ಳುವ ಪ್ರಶ್ನೆಗೆ ಇಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಬರುತ್ತದೆ. ಆಮೇಲೆ ಹೆಸರಿಡುವುದು, ನೆಟ್‌ವರ್ಕ್ ಜೋಡಿಸುವುದು, ಬಳಕೆದಾರರನ್ನು ಸೃಷ್ಟಿಸುವುದು, ಕೀಲಿ ಕೊಡುವುದು, ಬೇಕಾದ ತಂತ್ರಾಂಶಗಳನ್ನು ಹಾಕುವುದು. ಎಲ್ಲ ಮುಗಿದ ಮೇಲೆ ‘ಇಷ್ಟು ಸೆಕೆಂಡಿಗೆ ಮುಗಿಸಿದೆ’ ಎಂದು ಲಾಗಿನಲ್ಲಿ, ಅಂದರೆ ತನ್ನ ದಿನಚರಿಯ ಕಡತದಲ್ಲಿ, ಒಂದು ಸಾಲು ಬರೆದು ತೆರೆಮರೆಗೆ ಸರಿಯುತ್ತದೆ. ಸೂಲಗಿತ್ತಿಯ ಕೆಲಸ. ಮಗು ಅತ್ತರೆ ಅವಳನ್ನು ಯಾರೂ ನೆನೆಯುವುದಿಲ್ಲ, ಅಳದಿದ್ದರೆ ಊರೇ ಅವಳ ಮನೆ ಮುಂದೆ ನಿಲ್ಲುತ್ತದೆ.

ಉಬುಂಟು ಎಂಬ ಲಿನಕ್ಸ್ ಕಾರ್ಯಾಚರಣೆ ವ್ಯವಸ್ಥೆಯನ್ನು ಅಮೆಜಾನಿನ ಸರ್ವರುಗಳಲ್ಲಿ ನಡೆಸಲೆಂದು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಶುರುವಾದ ಈ ತಂತ್ರಾಂಶ ಈಗ ಹೆಚ್ಚು ಕಡಿಮೆ ಎಲ್ಲ ದೊಡ್ಡ ಕ್ಲೌಡುಗಳಲ್ಲಿಯೂ ಇದೆ. ಇದಕ್ಕೆ ಆಗೀಗ ಪ್ಯಾಚ್, ಅಂದರೆ ಸಣ್ಣಪುಟ್ಟ ತಿದ್ದುಪಡಿ, ಕಳುಹಿಸುವವರಲ್ಲಿ ನಾನೂ ಒಬ್ಬ. ಇದನ್ನು ಸೋದರಮಾವನಿಗೆ ವಿವರಿಸಲು ಹೋದಾಗ ಅವರು ನೇರವಾಗಿ ವಿಷಯಕ್ಕೆ ಬಂದರು.

“ಇದಕ್ಕೆ ಸಂಬಳ ಎಷ್ಟಪ್ಪಾ?”

“ಸಂಬಳದ ಕೆಲಸ ಬೇರೆ ಇದೆ ಮಾವ. ಇದು ಮುಕ್ತ ತಂತ್ರಾಂಶ. ಯಾರು ಬೇಕಾದರೂ ಬಳಸಬಹುದು, ಯಾರು ಬೇಕಾದರೂ ತಿದ್ದಬಹುದು.”

“ಕೆಟ್ಟರೆ ಬೈಯುವವರು ಯಾರು?”

“ಯಾರು ಬೇಕಾದರೂ ಬೈಯಬಹುದು.”

ಮಾವನಿಗೆ ಕೂಡಲೇ ಅರ್ಥವಾಯಿತು. ಅವರು ಬಹುಕಾಲ ಹಾಲು ಉತ್ಪಾದಕರ ಸಹಕಾರ ಸಂಘದ ಕಾರ್ಯದರ್ಶಿಯಾಗಿದ್ದವರು.

ಈ ತಂತ್ರಾಂಶಕ್ಕೆ ಏನೇನು ಮಾಡಬೇಕೆಂದು ಹೇಳುವ ಕಡತವನ್ನು ಯಾಮಲ್ ಎಂಬ ಬರಹ ಪದ್ಧತಿಯಲ್ಲಿ ಬರೆಯಬೇಕು. ಅದರ ಮೊದಲ ಸಾಲಿನಲ್ಲಿ ‘#’ ಚಿಹ್ನೆ ಹಾಕಿ ‘ಕ್ಲೌಡ್-ಕಾನ್ಫಿಗ್’ ಎಂದಿರಬೇಕು. ತಮಾಷೆ ಏನೆಂದರೆ ಯಾಮಲ್‌ನಲ್ಲಿ ‘#’ನಿಂದ ಶುರುವಾಗುವುದೆಲ್ಲ ಟಿಪ್ಪಣಿ. ಯಂತ್ರ ಅದನ್ನು ಓದುವುದಿಲ್ಲ, ಮನುಷ್ಯರಿಗಾಗಿ ಬರೆದದ್ದು ಎಂದು ಶಾಲೆಯಿಂದಲೇ ಕಲಿಸಿರುತ್ತಾರೆ. ನಮ್ಮ ಕಚೇರಿಗೆ ಹೊಸದಾಗಿ ಸೇರಿದ ಹುಡುಗನೊಬ್ಬ ಬಹಳ ಅಚ್ಚುಕಟ್ಟಿನವನು. ಊಟದ ಡಬ್ಬಿಯ ಮುಚ್ಚಳಗಳನ್ನೂ ಗಾತ್ರಕ್ಕೆ ತಕ್ಕಂತೆ ಜೋಡಿಸಿಡುವವನು. ಅವನು ಒಂದು ಶುಕ್ರವಾರ ಸಂಜೆ ಕಡತಗಳಲ್ಲಿದ್ದ ‘ಅನಗತ್ಯ ಟಿಪ್ಪಣಿ’ಗಳನ್ನೆಲ್ಲ ಅಳಿಸಿ, ಕೈ ತೊಳೆದುಕೊಂಡು ಊರಿನ ಬಸ್ ಹತ್ತಿದ.

ಆ ರಾತ್ರಿ ಎದ್ದ ಹೊಸ ಸರ್ವರುಗಳೆಲ್ಲ ಆರೋಗ್ಯವಾಗಿದ್ದವು. ಫಲಕದಲ್ಲಿ ಹಸಿರು ದೀಪ ಉರಿಯುತ್ತಿತ್ತು. ಒಳಗೆ ಹೋಗಲು ಮಾತ್ರ ಯಾರಿಗೂ ಆಗುತ್ತಿರಲಿಲ್ಲ. ನಾವು ಕೊಟ್ಟ ಬಳಕೆದಾರರೂ ಇಲ್ಲ, ಕೀಲಿಗಳೂ ಇಲ್ಲ, ತಂತ್ರಾಂಶಗಳೂ ಇಲ್ಲ. ಕಾರಣ ಲಾಗಿನಲ್ಲಿ ಸ್ಪಷ್ಟವಾಗಿ ಬರೆದಿತ್ತು: ಈ ಕಡತ ಯಾವ ಬಗೆಯದೆಂದು ತಿಳಿಯಲಿಲ್ಲ, ಆದ್ದರಿಂದ ಬಿಟ್ಟಿದ್ದೇನೆ. ಲಾಗ್ ಇದ್ದದ್ದು ಸರ್ವರಿನ ಒಳಗೆ.

ಆ ಸಾಲಿಗೆ ಅರ್ಥವಿಲ್ಲವೆಂದಲ್ಲ. ಅದೇ ಜಾಗದಲ್ಲಿ ಶೆಲ್ ಸ್ಕ್ರಿಪ್ಟ್ ಎಂಬ ಆಜ್ಞೆಗಳ ಪಟ್ಟಿ ಕೊಡಬಹುದು, ಬೇರೆ ಕಡತಗಳ ವಿಳಾಸಪಟ್ಟಿಯನ್ನೂ ಕೊಡಬಹುದು. ಬಂದದ್ದು ಯಾವುದೆಂದು ತಿಳಿಯಲು ತಂತ್ರಾಂಶ ಮೊದಲ ಸಾಲನ್ನು ನೋಡುತ್ತದೆ. ಕಾರಣ ಸರಿಯಾಗಿಯೇ ಇದೆ. ಆದರೆ ಯಂತ್ರ ಓದುವುದಿಲ್ಲವೆಂದು ಎಲ್ಲರೂ ನಂಬಿರುವ ಒಂದೇ ಒಂದು ಸಾಲನ್ನು ಯಂತ್ರ ಎಲ್ಲಕ್ಕಿಂತ ಮೊದಲು ಓದುತ್ತದೆ ಎಂಬುದನ್ನು ಆ ಹುಡುಗನಿಗೆ ಹೇಗೆ ಹೇಳುವುದು? ಅವನ ಮುಖ ನೋಡಲಾಗುತ್ತಿರಲಿಲ್ಲ.

ಯಾಮಲ್‌ನ ಲೀಲೆ ಅಷ್ಟಕ್ಕೇ ಮುಗಿಯುವುದಿಲ್ಲ. 22:22 ಎಂದು ಉದ್ಧರಣ ಚಿಹ್ನೆಯಿಲ್ಲದೆ ಬರೆದರೆ ಅದರ 1.1ನೇ ಆವೃತ್ತಿ ಅದನ್ನು ಅರವತ್ತರ ಲೆಕ್ಕದ ಸಂಖ್ಯೆಯೆಂದು ತಿಳಿದು 1342 ಮಾಡಿಬಿಡುತ್ತದೆ. ಕಡತಗಳ ಅನುಮತಿಯ ಕತೆ ಇನ್ನೂ ಸೊಗಸು. ಲಿನಕ್ಸಿನಲ್ಲಿ 0644 ಎಂದರೆ ಯಜಮಾನ ಓದಿ ಬರೆಯಬಹುದು, ಉಳಿದವರು ಓದಬಹುದು ಎಂದರ್ಥ. ಅದು ಎಂಟರ ಲೆಕ್ಕದ ಸಂಖ್ಯೆ. ಒಬ್ಬರು ಮುಂದಿನ ಸೊನ್ನೆಯನ್ನೂ ಉದ್ಧರಣ ಚಿಹ್ನೆಯನ್ನೂ ಬಿಟ್ಟು ಬರಿದೇ 644 ಎಂದು ಬರೆದರು. ತಂತ್ರಾಂಶ ಅದನ್ನು ಹತ್ತರ ಲೆಕ್ಕದ ಆರುನೂರ ನಲವತ್ತನಾಲ್ಕು ಎಂದುಕೊಂಡಿತು. ಎಂಟರ ಲೆಕ್ಕಕ್ಕೆ ತಿರುಗಿಸಿದರೆ ಅದು 1204. ಅಂದರೆ ಯಜಮಾನ ತನ್ನ ಕಡತಕ್ಕೆ ಬರೆಯಬಹುದು, ಓದುವ ಹಾಗಿಲ್ಲ. ಅವನ ಗುಂಪಿನವರಿಗೆ ಏನೂ ಇಲ್ಲ. ದಾರಿಯಲ್ಲಿ ಹೋಗುವವರೆಲ್ಲ ಓದಬಹುದು. ಇಂಥ ವ್ಯವಸ್ಥೆಯನ್ನು ಬೇಕೆಂದು ಯೋಚಿಸಿ ಮಾಡಲು ಯಾರಿಂದಲೂ ಸಾಧ್ಯವಿಲ್ಲ.

ಇನ್ನು ‘ಮೊದಲ ಬೂಟ್’, ಅಂದರೆ ಸರ್ವರ್ ಮೊದಲ ಸಲ ಏಳುವುದು, ಎಂಬುದರ ಬಗ್ಗೆ. ರನ್‌ಸಿಎಂಡಿ ಎಂಬ ವಿಭಾಗದಲ್ಲಿ ಬರೆದ ಆಜ್ಞೆಗಳು ಮೊದಲ ಬೂಟಿನಲ್ಲಿ ಮಾತ್ರ ನಡೆಯುತ್ತವೆ, ಬೂಟ್‌ಸಿಎಂಡಿಯಲ್ಲಿ ಬರೆದವು ಪ್ರತಿ ಬೂಟಿನಲ್ಲಿಯೂ. ಮೊದಲನೆಯದೋ ಅಲ್ಲವೋ ಎಂಬುದನ್ನು ಸರ್ವರಿಗೆ ಕ್ಲೌಡ್ ಕೊಟ್ಟ ಗುರುತಿನ ಸಂಖ್ಯೆಯಿಂದ ತಿಳಿಯಲಾಗುತ್ತದೆ. ಸಂಖ್ಯೆ ಅದೇ ಇದ್ದರೆ ನೀವು ಕಡತ ತಿದ್ದಿ ಎಷ್ಟು ಸಲ ರೀಬೂಟ್ ಮಾಡಿದರೂ ರನ್‌ಸಿಎಂಡಿ ಮಿಸುಕಾಡುವುದಿಲ್ಲ. ಅದೇ ಸರ್ವರಿನಿಂದ ಇಮೇಜ್, ಅಂದರೆ ಪಡಿಯಚ್ಚು, ತೆಗೆದು ಇನ್ನೊಂದನ್ನು ಎಬ್ಬಿಸಿದರೆ ಸಂಖ್ಯೆ ಬೇರೆಯಾಗಿ, ಹೊಸ ಜನ್ಮವೆಂದುಕೊಂಡು ಎಲ್ಲವನ್ನೂ ಮತ್ತೆ ಮೊದಲಿನಿಂದ ಮಾಡುತ್ತದೆ. ಹಳೆಯ ಎಸ್‌ಎಸ್‌ಎಚ್ (ದೂರದಿಂದ ಸರ್ವರಿಗೆ ಸುರಕ್ಷಿತವಾಗಿ ಸಂಪರ್ಕಿಸುವ ವಿಧಾನ) ಗುರುತಿನ ಕೀಲಿಗಳನ್ನು ಎಸೆದು ಹೊಸದನ್ನು ಹುಟ್ಟಿಸುತ್ತದೆ. ಅದೇ ಹೆಸರಿನಲ್ಲಿ ಸಂಪರ್ಕಿಸಲು ಹೋದವರ ಲ್ಯಾಪ್‌ಟಾಪುಗಳಲ್ಲೆಲ್ಲ ‘ಯಾರೋ ದುಷ್ಟರು ನಡುವೆ ನುಸುಳಿರಬಹುದು’ ಎಂಬ ದೊಡ್ಡ ಅಕ್ಷರಗಳ ಎಚ್ಚರಿಕೆ ಕಾಣಿಸಿಕೊಳ್ಳುತ್ತದೆ. ಭದ್ರತಾ ವಿಭಾಗದವರು ಕಾಫಿ ಅರ್ಧಕ್ಕೆ ಬಿಟ್ಟು ಓಡಿ ಬಂದದ್ದನ್ನು ನಾನು ನೋಡಿದ್ದು ಆ ಒಂದು ದಿನ ಮಾತ್ರ.

ಇಷ್ಟೆಲ್ಲ ಕೇಳಿದವರು ‘ಮತ್ತೆ ಸರಿ ಮಾಡಬಾರದೇ?’ ಎನ್ನುತ್ತಾರೆ. ಅಲ್ಲಿಂದಲೇ ರಿಫ್ಯಾಕ್ಟರಿಂಗ್ ಎಂಬ ಪುಣ್ಯಕಾರ್ಯ ಶುರುವಾಗುವುದು. ಹೊರಗಿನ ನಡತೆ ಬದಲಾಗದಂತೆ ಒಳಗಿನ ಕೋಡನ್ನು ಒಪ್ಪ ಮಾಡಬೇಕು ಎಂಬುದು ಅದರ ನಿಯಮ. ಹೊರಗಿನ ನಡತೆ ಯಾವುದು ಎಂಬುದು ಮಾತ್ರ ಬದಲಾಯಿಸುವವರೆಗೆ ಗೊತ್ತಾಗುವುದಿಲ್ಲ.

ಕಡತ ಬರೆಯುವ ವಿಭಾಗವನ್ನೇ ತೆಗೆದುಕೊಳ್ಳಿ. ಅದು ಬಳಕೆದಾರರ ಸೃಷ್ಟಿಗಿಂತ ಮೊದಲೇ ನಡೆಯುತ್ತದೆ. ‘ಈ ಕಡತ ಇಂಥವನಿಗೆ ಸೇರಬೇಕು’ ಎಂದು ಬರೆದರೆ ಆ ಇಂಥವನು ಇನ್ನೂ ಹುಟ್ಟಿಯೇ ಇರುವುದಿಲ್ಲ. ಎರಡರ ಸ್ಥಾನ ಅದಲುಬದಲು ಮಾಡಿದರೆ ಮುಗಿಯಿತಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಬಳಕೆದಾರರು ಹುಟ್ಟುವ ಮೊದಲೇ ಕಡತ ಸಿದ್ಧವಿರಬೇಕೆಂದು ಎಣಿಸಿ ಸರ್ವರ್ ನಡೆಸುವವರು ಎಲ್ಲೆಲ್ಲಿದ್ದಾರೋ! ಕೊನೆಗೆ ಹಳೆಯ ಕ್ರಮ ಹಾಗೆಯೇ ಉಳಿದು, ‘ಈ ಕಡತವನ್ನು ಆಮೇಲೆ ಬರೆ’ ಎನ್ನುವ ಹೊಸ ಸೂಚನೆಯೊಂದು ಸೇರಿಕೊಂಡಿತು. ಸ್ವಚ್ಛ ಮಾಡಲು ಹೋಗಿ ಸಾಮಾನು ಹೆಚ್ಚಾಯಿತು.

ಕೆಲವು ಹೆಸರುಗಳನ್ನು ಹಿಂದೆ ಅಡ್ಡಗೆರೆ ಹಾಕಿ ಬರೆಯುತ್ತಿದ್ದರು, ಈಗ ಅಡಿಗೆರೆ ಹಾಕಿ ಬರೆಯಬೇಕು. ಹಳೆಯದನ್ನು ತೆಗೆದುಹಾಕಿದರೇ ಎಂದರೆ, ಇಲ್ಲ. ಗೊಣಗಿಕೊಂಡು ಅದನ್ನೂ ಒಪ್ಪುತ್ತದೆ. ಸಾವಿರಾರು ಸಾಲುಗಳ ಒಂದು ಕಡತದಲ್ಲಿ ಸತ್ಯ ಯಾವುದೆಂದು ನಿರ್ಧರಿಸುವ ಫಂಕ್ಷನ್ ಇದೆ: ‘ಟ್ರೂ’, ‘1’, ‘ಆನ್’, ‘ಯೆಸ್’ ಈ ನಾಲ್ಕೂ ಸತ್ಯ. ಪೈಥಾನ್ 2ರ ಬೆಂಬಲವನ್ನು 2020ರಲ್ಲಿ ಕೈಬಿಟ್ಟರು, ಆದರೆ 3.6ರಲ್ಲಿಯೂ ನಡೆಯುವಂತೆ ವರ್ಷಗಟ್ಟಲೆ ಕಾಪಾಡಿಕೊಂಡು ಬರಬೇಕಾಯಿತು. ಹೊಸ ಪೈಥಾನಿನ ಬೆಡಗಿನ ಸಾಲುಗಳನ್ನು ಹೊತ್ತು ತಂದ ಉತ್ಸಾಹಿಗಳನ್ನು ಸಮಾಧಾನದ ಮಾತಾಡಿ ಹಿಂದೆ ಕಳುಹಿಸುವುದೂ ಒಂದು ಕೆಲಸವೇ.

ನನಗೆ ಅತಿ ಪ್ರಿಯವಾದದ್ದು ಒಂದು ತಾರೀಖು: 2009-04-04. ಮೆಟಾಡೇಟಾ, ಅಂದರೆ ‘ನಾನು ಯಾರು?’ ಎಂಬುದಕ್ಕೆ ಕ್ಲೌಡ್ ಕೊಡುವ ಉತ್ತರ, ಸಿಗದಿದ್ದಾಗ ‘ಇಷ್ಟು ಸೆಕೆಂಡು ಕಾದೆ, ಇನ್ನು ಆಗುವುದಿಲ್ಲ’ ಎಂದು ಲಾಗಿನಲ್ಲಿ ಬರುವ ವಿಳಾಸದ ನಡುವೆ ಈ ತಾರೀಖು ಕೂತಿರುತ್ತದೆ. ಅದು ಅಮೆಜಾನಿನ ಮೆಟಾಡೇಟಾ ಸೇವೆಯ ಒಂದು ಆವೃತ್ತಿಯ ಹೆಸರು. ಗೊತ್ತಿಲ್ಲದವರು ‘ಇಷ್ಟು ಹಳೆಯ ತಾರೀಖು ಯಾಕಿದೆ, ಸರ್ವರಿನ ಗಡಿಯಾರ ಕೆಟ್ಟಿದೆಯೇ?’ ಎಂದು ಕೇಳುತ್ತಾರೆ. ಅಮೆಜಾನನ್ನು ನೋಡಿ ಅದೇ ಬಗೆಯ ಸೇವೆ ಕೊಟ್ಟ ಬೇರೆ ಕ್ಲೌಡುಗಳೂ ಇವೆ. ತಾರೀಖನ್ನು ಸುಮ್ಮನೆ ಮುಟ್ಟುವ ಹಾಗಿಲ್ಲ.

ನಿಜ ಹೇಳಿದ್ದಕ್ಕೂ ಪೆಟ್ಟು ತಿಂದದ್ದಿದೆ. ಹಿಂದೆಲ್ಲ ಸ್ಥಿತಿ ಕೇಳಿದರೆ ಈ ತಂತ್ರಾಂಶ ಸರಿ ಇದ್ದರೆ 0, ಕೆಟ್ಟಿದ್ದರೆ 1 ಎನ್ನುತ್ತಿತ್ತು. 2023ರ 23.4ನೇ ಆವೃತ್ತಿಯಿಂದ ‘ಕೆಲಸ ಮುಗಿಯಿತು, ಆದರೆ ನಡುವೆ ಒಂದೆರಡು ತೊಡಕು ಕಂಡೆ’ ಎನ್ನಲು 2 ಎಂದು ಹೇಳತೊಡಗಿತು. ಸೊನ್ನೆಯಲ್ಲದ್ದೆಲ್ಲ ಸೋಲು ಎಂದು ಬರೆದಿದ್ದ ಸ್ಕ್ರಿಪ್ಟುಗಳು ಕೈಕಾಲು ಮಡಚಿ ಕೂತವು. ತೊಡಕುಗಳು ಹಿಂದೆಯೂ ಇದ್ದವು, ಬಾಯಿ ಬಿಟ್ಟು ಹೇಳಿದ್ದೇ ತಪ್ಪಾಯಿತು. ಉಬುಂಟುವಿನ ಹಳೆಯ ಆವೃತ್ತಿಗಳಿಗೆ ಹಳೆಯ ಮೌನವನ್ನೇ ಮರಳಿ ಹೊಲಿದು ಕೊಟ್ಟರು.

ದೂರು ಬರೆಯುವವರಲ್ಲಿಯೂ ಎರಡು ಪಂಥಗಳಿವೆ. ಮೊದಲ ಪಂಥದವರು ‘ಕೆಲಸ ಮಾಡುತ್ತಿಲ್ಲ’ ಎಂದು ಬರೆದು, ಮೊಬೈಲಿನಲ್ಲಿ ತೆಗೆದ ಪರದೆಯ ಚಿತ್ರ ಕಳುಹಿಸುತ್ತಾರೆ. ದೋಷದ ಸಾಲಿನ ಮೇಲೆ ಸರಿಯಾಗಿ ಟ್ಯೂಬ್‌ಲೈಟಿನ ಪ್ರತಿಬಿಂಬ ಬಿದ್ದಿರುತ್ತದೆ. ಎರಡನೆಯವರು ಕೇಳದೆಯೇ ಎಲ್ಲವನ್ನೂ ಕಳುಹಿಸುತ್ತಾರೆ. ಅಂಥ ಮಹನೀಯರೊಬ್ಬರು ತಮ್ಮ ಕಡತಗಳನ್ನೆಲ್ಲ ಕಟ್ಟಿ ಕಳುಹಿಸಿದ್ದರು, ಡೇಟಾಬೇಸಿನ ಪಾಸ್‌ವರ್ಡ್ ಸಮೇತ. ದೋಷ ಆಮೇಲೆ ನೋಡೋಣ, ಇದು ಎಲ್ಲರಿಗೂ ಕಾಣುವ ಜಾಗ, ದಯವಿಟ್ಟು ಮೊದಲು ಪಾಸ್‌ವರ್ಡ್ ಬದಲಾಯಿಸಿ ಎಂದು ಬರೆದೆ. ಅರ್ಧ ಗಂಟೆಯಲ್ಲಿ ಉತ್ತರ ಬಂತು: ‘ನೀವು ಹೇಳಿದಂತೆ ಬದಲಾಯಿಸಿದೆ, ಆದರೂ ದೋಷ ಹಾಗೆಯೇ ಇದೆ. ಹೊಸ ಕಡತವನ್ನು ಲಗತ್ತಿಸಿದ್ದೇನೆ.’