ಭಯ ಆಗುತ್ತದೆ ಅಂತ ತೆಗೆದಿಡಬೇಡಿ

ಮಕ್ಕಳು ಓದಬೇಕಾದ ಪುಸ್ತಕಗಳ ಪಟ್ಟಿ ಮಾಡುತ್ತಾ ಶಿವಮೊಗ್ಗದ ಓದುಗರ ಬಳಗದವರು ಮಕ್ಕಳ ಪುಸ್ತಕದಲ್ಲಿ ಚಿತ್ರ ಜಾಸ್ತಿ ಇರಲಿ, ಅಕ್ಷರ ದೊಡ್ಡದಿರಲಿ ಅಂದದ್ದು ಸರಿ. ಆದರೆ ‘ಕಿಂದರಿಜೋಗಿ ಈಗಿನ ಮಕ್ಕಳಿಗೆ ತುಂಬಾ ಉದ್ದ, ಕೊನೆ ಓದಿದರೆ ಭಯ ಆಗುತ್ತದೆ’ ಎಂಬ ಅವರ ಮಾತನ್ನು ನಾನು ಒಪ್ಪುವುದಿಲ್ಲ. ಅದು ಕುವೆಂಪು ಮಕ್ಕಳಿಗಾಗಿ ಬರೆದ ಕಥನಕವನ: ಕಿಂದರಿ ನುಡಿಸಿ ಊರಿನ ಇಲಿಗಳನ್ನೆಲ್ಲ ಹೊಳೆಗೆ ಬೀಳಿಸಿದ ಜೋಗಿಗೆ ಊರ ಗೌಡ ಹೇಳಿದ ದುಡ್ಡು ಕೊಡುವುದಿಲ್ಲ, ಜೋಗಿ ಊರ ಮಕ್ಕಳನ್ನು ಕರೆದುಕೊಂಡು ಹೋಗುತ್ತಾನೆ.

ನಮ್ಮ ಮನೆ ತೀರ್ಥಹಳ್ಳಿಯಲ್ಲಿ. ಕಳೆದ ಮಳೆಗಾಲ ಮೂರು ದಿನ ಕರೆಂಟ್ ಇರಲಿಲ್ಲ. ಮಗಳನ್ನೂ ಪಕ್ಕದ ಮನೆಯ ಮಕ್ಕಳನ್ನೂ ಜಗುಲಿಯಲ್ಲಿ ಕೂರಿಸಿಕೊಂಡು ಕಿಂದರಿಜೋಗಿಯನ್ನು ಗಟ್ಟಿಯಾಗಿ ಓದಿದೆ. ಇಲಿಗಳ ಸಾಲು ಬಂದಾಗ ಐದು ವರ್ಷದ ಹುಡುಗ ಎದ್ದು ಕುಣಿದ. ಮಕ್ಕಳೆಲ್ಲ ಜೋಗಿಯ ಹಿಂದೆ ಹೋದಾಗ ಜಗುಲಿಯೇ ಸುಮ್ಮನಾಯಿತು. ಆಮೇಲೆ ಮಗಳು ಕೇಳಿದ್ದು ಒಂದೇ: ‘ಅಮ್ಮ, ಗೌಡ ಕೊಡ್ತೀನಿ ಅಂದ ದುಡ್ಡು ಯಾಕೆ ಕೊಡಲಿಲ್ಲ?’ ಅರ್ಧ ಗಂಟೆ ಅದೇ ಚರ್ಚೆ. ಭಯಕ್ಕಿಂತ ಆ ಮೋಸವೇ ಅವರಿಗೆ ಜಾಸ್ತಿ ತಟ್ಟಿತ್ತು.

ಇನ್ನೊಂದು ಮಾತು. ಈ ಕಥೆಯ ಮೂಲ ಇಂಗ್ಲಿಷ್ ಕವಿ ರಾಬರ್ಟ್ ಬ್ರೌನಿಂಗ್ 1842ರಲ್ಲಿ ಪ್ರಕಟಿಸಿದ ಪದ್ಯ. ಅದರಲ್ಲಿ ಊರು ಜರ್ಮನಿಯ ಹ್ಯಾಮೆಲಿನ್, ನದಿ ವೇಸರ್. ಕುವೆಂಪು ಆ ಕಥೆಯನ್ನು ತುಂಗೆಯ ದಡಕ್ಕೆ ತಂದರು. ನಮ್ಮ ಮಕ್ಕಳು ದಿನಾ ನೋಡುವ ಹೊಳೆ ಅದು. ‘ಇಲಿ ಬಿದ್ದದ್ದು ನಮ್ಮೂರ ರಾಮಮಂಟಪದ ಹತ್ರಾನಾ?’ ಅಂತ ಕೇಳುವಷ್ಟು ಅವರು ಒಳಗೆ ಹೋಗಿದ್ದರು. ಬೇರೆ ಯಾವ ಪುಸ್ತಕ ಇಷ್ಟು ಹತ್ತಿರ ಬರುತ್ತದೆ ಹೇಳಿ?

ಪುಸ್ತಕ ಕೈಗೆ ಕೊಟ್ಟು ನಾವು ಎದ್ದು ಹೋದರೆ ಮಗುವಿಗೆ ಅದು ಉದ್ದವೇ. ಜೊತೆಗೆ ಕೂತು ಓದಬೇಕು, ಅಲ್ವಾ? ಬಳಗದವರು ಮುಂದಿನ ಸಲ ನಾಲ್ಕು ಮಕ್ಕಳನ್ನೂ ಕರೆಯಲಿ. ಓದಿ ಕೇಳಿಸಿ, ಪಟ್ಟಿ ಆಮೇಲೆ ಮಾಡಲಿ.